ಹಲ್ಲಿಗೆ ಏನ್ ಹಚ್ಚತಿ, ತಂಗಿ?

ಮೊನ್ನೆ ನಮ್ಮ ವಾರ್ಡಿನಲ್ಲಿ ಹುಟ್ಟಿದ ಕೂಸಿನ ತೂಕ 1 ಕೆಜಿ 900 ಗ್ರಾಂ. ಎರಡೂವರೆ ಕೆಜಿಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕದ ಮಗು ಅಂತಲೇ ಲೆಕ್ಕ. ತಾಯಿ ಇಂಡಿ ತಾಲ್ಲೂಕಿನ ಹುಡುಗಿ, 19 ವರ್ಷ. ಪುಣೆಯ ವಾಕಡ್ ಕಡೆ ಕಟ್ಟಡದ ಕೆಲಸ. ಎಂಟನೇ ತಿಂಗಳವರೆಗೂ ಇಟ್ಟಿಗೆ ಹೊತ್ತಿದ್ದಳು.

ಪುಣೆಗೆ ನರ್ಸಾಗಿ ಬಂದು 14 ವರ್ಷವಾಯಿತು. ನಾನೂ ವಿಜಯಪುರದವಳೇ. ಕನ್ನಡ ಕೇಳಿದರೆ ಸಾಕು, ಈ ಹುಡುಗಿಯರು ಮನಸ್ಸು ಬಿಚ್ಚಿ ಮಾತಾಡುತ್ತಾರೆ.

ಅವಳ ಕಾರ್ಡ್ ನೋಡಿದೆ. ಹಿಮೋಗ್ಲೋಬಿನ್ 7.8. ಬಸುರಿಗೆ ಕನಿಷ್ಠ 11 ಇರಬೇಕು. ಮೊದಲ ಮಗುವಿಗೆ ಇನ್ನೂ 14 ತಿಂಗಳು. ಹೆರಿಗೆಯಾದ ಮೇಲೆ ಮತ್ತೆ ಬಸುರಾಗಲು ಎರಡು ವರ್ಷವಾದರೂ ಬಿಡಬೇಕು. ಆದರೆ ಅದು ಅವಳೊಬ್ಬಳ ಕೈಯಲ್ಲಿದೆಯಾ? ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಅವಳಿಗೆ ಉಳಿಯುತ್ತಿದ್ದದ್ದು ರೊಟ್ಟಿ, ಶೇಂಗಾ ಹಿಂಡಿ. ತಪ್ಪಲ ಪಲ್ಯ, ಹಾಲು ಯಾವಾಗಲೋ ಒಮ್ಮೆ. ಪುಣೆ ಸುತ್ತಲಿನ ಹಳ್ಳಿಗಳಲ್ಲೇ ನಡೆದ ಅಧ್ಯಯನದಲ್ಲಿ ಸೊಪ್ಪು, ಹಣ್ಣು, ಹಾಲು ಹೆಚ್ಚು ತಿಂದ ಬಸುರಿಯರ ಮಕ್ಕಳು ತೂಕವಾಗಿದ್ದವು.

ಕಾರ್ಡಿನಲ್ಲಿ 'ತಂಬಾಕು' ಅನ್ನೋ ಕಡೆ 'ಇಲ್ಲ' ಅಂತ ಬರೆದಿತ್ತು. ನಾನು ಕೇಳಿದಾಗಲೂ "ಇಲ್ರೀ ಅಕ್ಕಾರ, ಅದನ್ನೆಲ್ಲಾ ಮುಟ್ಟಂಗಿಲ್ಲ" ಅಂದಳು. ಸುಳ್ಳು ಹೇಳಲಿಲ್ಲ. ಆದರೆ ಅವಳ ಬಲಗೈ ತೋರುಬೆರಳ ತುದಿ ಕಪ್ಪಾಗಿತ್ತು, ಒಸಡಿನ ಅಂಚೂ ಕಪ್ಪು.

"ಹಲ್ಲಿಗೆ ಏನ್ ಹಚ್ಚತಿ, ತಂಗಿ?"

"ಮಶೇರಿ ರೀ."

ದಿಂಬಿನ ಕೆಳಗಿಂದ ಪುಟ್ಟ ತಗಡಿನ ಡಬ್ಬಿ ತೆಗೆದು ತೋರಿಸಿದಳು. ಒಳಗೆ ಕಾಡಿಗೆಯಂಥ ಪುಡಿ. ತಂಬಾಕನ್ನು ಹಂಚಿನ ಮೇಲೆ ಕಪ್ಪಾಗುವ ತನಕ ಹುರಿದು ಪುಡಿ ಮಾಡಿದ್ದು. ದಿನಕ್ಕೆ ನಾಲ್ಕೈದು ಸಲ ಹಚ್ಚುತ್ತಾಳಂತೆ. ಯಾಕೆ ಅಂದೆ. "ಹಚ್ಕೊಂಡ್ರ ಹಸಿವು ಗೊತ್ತಾಗಂಗಿಲ್ರೀ."

ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಉಂಡದ್ದೇ ಕಡಿಮೆ, ಅದರ ಮೇಲೆ ಒಸಡಿನಿಂದ ಒಳಗಿಳಿದ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಕೂಸಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಮುಂಬೈಯಲ್ಲಿ 1217 ಹೆಂಗಸರನ್ನು ನೋಡಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೊಗೆಯಿಲ್ಲದ ತಂಬಾಕು ಬಳಸಿದವರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆ ಇತ್ತು. ಅವರಲ್ಲಿ ಜಾಸ್ತಿ ಜನ ಮಶೇರಿಯವರೇ. ಹುಟ್ಟುವಾಗಲೇ ಸೊರಗಿದ ಕೂಸಿಗೆ 105 ಗ್ರಾಂ ಅಂದರೆ ಸಣ್ಣದಲ್ಲ.

'ತಂಬಾಕು ತಿಂತೀರಾ' ಅಂತ ಕೇಳಿದರೆ ಇವರು ಇಲ್ಲ ಅಂತಲೇ ಹೇಳೋದು. ಅವರ ಪಾಲಿಗೆ ಇದು ಹಲ್ಲಿನ ಪುಡಿ. ಅದಕ್ಕೇ ನಾನು ಈಗ ಎಲ್ಲರಿಗೂ ಹಲ್ಲಿನ ಪ್ರಶ್ನೆಯನ್ನೇ ಕೇಳುತ್ತೇನೆ, ಮೊದಲ ತಪಾಸಣೆಯಲ್ಲೇ.

ಕೂಸು ಬೆಚ್ಚಗಿರಲಿ ಅಂತ ಬರಿಮೈಯಲ್ಲಿ ಅವಳ ಎದೆಗೆ ಕಟ್ಟಿ ಮಲಗಿಸಿದೆವು. ಪಕ್ಕದಲ್ಲಿ ಅತ್ತೆ ಕೂತಿದ್ದರು. ಅವರ ಬೆರಳೂ ಕಪ್ಪು. ಎಲ್ಲ ಬಿಡಿಸಿ ಹೇಳಿದೆ, ಬೈಯಲಿಲ್ಲ. ಬಹಳ ಹೊತ್ತು ಸುಮ್ನೆ ಕೂತಿದ್ದು ಆಮೇಲೆ ಕೇಳಿದರು:

"ಹಂಗಾದ್ರ ನಾವು ಹಲ್ಲು ಯಾತರ್ಲೆ ತಿಕ್ಕೂಣ್ರೀ?"