ಇವನಿಗೆ ಈಗ ಏನು ಬೇಕು?

ಸೋದರಮಾವ ಕೇಳಿದ ಆ ಪ್ರಶ್ನೆ ಈ ವಾರವಿಡೀ ನನ್ನನ್ನು ಬಿಟ್ಟಿಲ್ಲ. ಓಣಂ ರಜೆಗೆಂದು ಬದಿಯಡ್ಕಕ್ಕೆ ಬಂದ ಅಕ್ಕನ ಮಗ ಚಾವಡಿಯ ಟಿವಿಯಲ್ಲಿ, ಮಿಂಚಿನ ವೇಗದಲ್ಲಿ ಓಡುವ ನಾಯಕ ಬ್ಯಾರಿಯ ಕಥೆಯಾದ 'ದಿ ಫ್ಲ್ಯಾಶ್' ಧಾರಾವಾಹಿಯ ನಾಲ್ಕನೇ ಸೀಸನ್ ನೋಡುತ್ತಿದ್ದ. ಮಾವ ಮೂಲೆಯಲ್ಲಿ ಕುಳಿತು ಅಡಿಕೆ ಸುಲಿಯುತ್ತಿದ್ದರು. ಸ್ವಲ್ಪ ಹೊತ್ತು ನೋಡಿ, ಕೈ ನಿಲ್ಲಿಸಿ ಕೇಳಿದರು:

"ಮಾಣಿ, ಇವನಿಗೆ ಈಗ ಏನು ಬೇಕು?"

ಮಾಣಿ ಉತ್ಸಾಹದಿಂದಲೇ ವಿವರಿಸಿದ. ಒಂದು ಬಸ್ಸಿನಲ್ಲಿದ್ದ ಹನ್ನೆರಡು ಮಂದಿಗೆ ಒಂದೊಂದು ಶಕ್ತಿ ಬಂದಿದೆ, ಮಹಾಬುದ್ಧಿವಂತ ಖಳನೊಬ್ಬ ಆ ಶಕ್ತಿಗಳನ್ನು ಒಂದೊಂದಾಗಿ ಕಸಿಯುತ್ತಿದ್ದಾನೆ, ನಾಯಕ ಜೈಲಿಗೂ ಹೋಗಿ ಬಂದ. ಮಾವ ಎಲ್ಲವನ್ನೂ ಕೇಳಿಸಿಕೊಂಡರು. "ಅದು ಖಳನಿಗೆ ಬೇಕಾದದ್ದು. ಇವನಿಗೆ?" ಹುಡುಗನಲ್ಲಿ ಉತ್ತರವಿರಲಿಲ್ಲ.

ಮಾವ ಹಠದ ಮನುಷ್ಯ, ಮಕ್ಕಳ ಖುಷಿಗೆ ಅಡ್ಡ ಬರುತ್ತಾರೆ ಎಂದು ಅಕ್ಕ ಆಮೇಲೆ ಗೊಣಗಿದಳು. ನನಗೆ ಹಾಗೆ ಅನ್ನಿಸಲಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ವರ್ಷಗಟ್ಟಲೆ, ಕುಳಿತೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಅರ್ಥ, ಅಂದರೆ ಪಾತ್ರಗಳ ಮಾತು, ಹೇಳಿದವರು ಅವರು. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ ಮುಗಿದ ಮೇಲೆ ಎದುರಿಗಿರುವುದು ಮಾತು ಮಾತ್ರ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಆ ಒಂದು ಘಳಿಗೆಯನ್ನೇ ಗಂಟೆಗಟ್ಟಲೆ ಹಿಗ್ಗಿಸಬಹುದು. ಕೊನೆ ಎಲ್ಲರಿಗೂ ಗೊತ್ತು, ಆದರೂ ಯಾರೂ ಏಳುವುದಿಲ್ಲ. ವಾಲಿಗೆ ಏನು ಬೇಕು, ರಾಮನಿಗೆ ಏನು ಬೇಕು ಎಂಬುದು ಅಲ್ಲಿ ಒಂದು ಕ್ಷಣವೂ ಮಸುಕಾಗುವುದಿಲ್ಲ.

2014ರಲ್ಲಿ ಬಂದ 'ಫ್ಲ್ಯಾಶ್'ನ ಮೊದಲ ಸೀಸನ್‌ನಲ್ಲಿ ಮಾವನ ಪ್ರಶ್ನೆಗೆ ನೇರ ಉತ್ತರವಿತ್ತು. ಬ್ಯಾರಿಗೆ ಹನ್ನೊಂದು ವರ್ಷವಿದ್ದಾಗ ತಾಯಿಯ ಕೊಲೆಯಾಗುತ್ತದೆ, ಮಾಡದ ತಪ್ಪಿಗೆ ತಂದೆ ಜೈಲು ಸೇರುತ್ತಾನೆ. ಅಕ್ಟೋಬರಿನಿಂದ ಮೇ ತಿಂಗಳವರೆಗೆ 23 ಕಂತು ತುಂಬಿಸಬೇಕಾದ ವಾಹಿನಿಗೆ ವಾರಕ್ಕೊಬ್ಬ ಖಳ ಬೇಕೇ ಬೇಕು. ಆದರೂ ಆ ಖಳರೆಲ್ಲ ಬಂದು ಹೋಗುವಾಗ ತಾಯಿಯ ಕಥೆ ಒಳಗೊಳಗೇ ಹರಿಯುತ್ತಿತ್ತು. ಆಮೇಲಿನ ಸೀಸನ್‌ಗಳಲ್ಲಿ ಗೆಳೆಯರಿಗೆಲ್ಲ ಶಕ್ತಿ, ಪ್ರತಿಯೊಬ್ಬರಿಗೂ ಒಂದು ಉಪಕಥೆ. 2023ರಲ್ಲಿ ಮುಗಿಯುವಾಗ ಒಂಬತ್ತು ಸೀಸನ್, 184 ಕಂತು.

ಮರುದಿನ ನಾನೇ ಅವರಿಬ್ಬರಿಗೂ 2015ರ 'ಡೇರ್‌ಡೆವಿಲ್' ಎಂಬ ಇನ್ನೊಂದು ಧಾರಾವಾಹಿ ಹಾಕಿ ತೋರಿಸಿದೆ. ಮೊದಲ ಸೀಸನ್ 13 ಕಂತು, ಎಲ್ಲವೂ ಒಂದೇ ದಿನ ಬಿಡುಗಡೆಯಾದದ್ದರಿಂದ ವಾರಕ್ಕೊಬ್ಬ ಖಳನ ಹಂಗಿಲ್ಲ. ಎರಡನೇ ಕಂತಿನ ಕೊನೆಯಲ್ಲಿ ನಾಯಕ ಅಪಹೃತ ಬಾಲಕನಿಗಾಗಿ ಉದ್ದದ ಓಣಿಯೊಂದರಲ್ಲಿ ಹೊಡೆದಾಡುತ್ತಾನೆ. ಕ್ಯಾಮರಾ ಅತ್ತಿತ್ತ ಹಾರುವುದಿಲ್ಲ. ಅವನು ದಣಿಯುತ್ತಾನೆ, ಗೋಡೆಗೆ ಒರಗುತ್ತಾನೆ, ಬಿದ್ದವರು ಮತ್ತೆ ಎದ್ದು ಬರುತ್ತಾರೆ. ಕೊನೆಗೆ ಹುಡುಗನನ್ನು ಎತ್ತಿಕೊಂಡು ಹೊರಬರುತ್ತಾನೆ. "ಇವನಿಗೆ ಏನು ಬೇಕೆಂದು ಯಾರೂ ಹೇಳಬೇಕಾಗಿಲ್ಲ," ಎಂದರು ಮಾವ. ಖಳನಾದ ಫಿಸ್ಕ್ ಮುಖ ತೋರಿಸುವುದು ಮೂರನೇ ಕಂತಿನ ಕೊನೆಗೆ, ಬಿಳಿಯ ಚಿತ್ರವೊಂದರ ಮುಂದೆ. ಎಂಟನೇ ಕಂತಿನಲ್ಲಿ ಕಥೆ ಅವನ ಬಾಲ್ಯಕ್ಕೇ ಹೊರಳುತ್ತದೆ. ಆದರೂ ದಾರಿ ತಪ್ಪಿತೆನ್ನಿಸುವುದಿಲ್ಲ, ಏಕೆಂದರೆ ಇಬ್ಬರೂ ಒಂದೇ ಊರನ್ನು ಉಳಿಸುತ್ತೇವೆಂದು ಹೊರಟವರು. ವಾಲಿಗೂ ಮಾತು ಸಿಗಬೇಕು ಎನ್ನುವ ಮಾವನಿಗೆ ಇದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಹೊರಗಿನ ಧಾರಾವಾಹಿಗಳನ್ನಷ್ಟೇ ದೂರುವುದೂ ನ್ಯಾಯವಲ್ಲ. ನಮ್ಮ ಯಕ್ಷಗಾನದ ಆಟಗಳಲ್ಲೇ ಕಾಲಮಿತಿಯ ಒಳಗೆ ಎರಡು ಮೂರು ಪ್ರಸಂಗ ತುರುಕುವುದನ್ನು ನೋಡುತ್ತಿದ್ದೇನೆ. ಪ್ರವೇಶ, ಯುದ್ಧ, ಮತ್ತೊಂದು ಪ್ರವೇಶ. ಪಾತ್ರ ಏಕೆ ಬಂತೆಂದು ತಿಳಿಯುವ ಮೊದಲೇ ಮಂಗಳ. ಇದು ನನಗೆ ನಿಜಕ್ಕೂ ನೋವು ಕೊಡುತ್ತದೆ.

ಆದರೆ ಉಪಕಥೆಗಳನ್ನೆಲ್ಲ ಕತ್ತರಿಸಬೇಕು ಎಂಬ ಮಾವನ ಮಾತನ್ನು ನಾನು ಒಪ್ಪುವುದಿಲ್ಲ. ಬ್ಯಾರಿಯನ್ನು ಸಾಕಿದ ಪೊಲೀಸ್ ಅಧಿಕಾರಿ ಜೋನ ಕಥೆ ತೆಗೆದರೆ ಜೈಲಿನಲ್ಲಿರುವ ತಂದೆಯ ಕಥೆಯೂ ಬಡವಾಗುತ್ತದೆ. ಮೊದಲ ಸೀಸನ್‌ನ ಕೊನೆಯಲ್ಲಿ ಬ್ಯಾರಿ ಕಾಲದಲ್ಲಿ ಹಿಂದೆ ಓಡಿ ಕೊಲೆಯ ರಾತ್ರಿಗೇ ತಲುಪುತ್ತಾನೆ, ಆದರೆ ತಾಯಿಯನ್ನು ಉಳಿಸುವುದಿಲ್ಲ. ಸಾಯುತ್ತಿರುವ ಅವಳ ಪಕ್ಕದಲ್ಲಿ ಕುಳಿತು, ನಿನ್ನ ಮಗ ಕ್ಷೇಮವಾಗಿದ್ದಾನೆ ಎನ್ನುತ್ತಾನೆ. ಸಾಕಿದವನ ಪ್ರೀತಿಯನ್ನು ಅಷ್ಟು ಕಂತು ನೋಡದಿದ್ದರೆ ಆ ಮಾತನ್ನು ನಂಬುವುದು ಹೇಗೆ?

ಮಾಣಿಯೂ ಸುಮ್ಮನಿರಲಿಲ್ಲ. ನಿನ್ನೆ ಬಂದು, "ಅಜ್ಜಾ, ಐದನೇ ಸೀಸನ್‌ನಲ್ಲಿ ಉತ್ತರ ಇದೆ. ತಂದೆಯನ್ನು ಕಂಡೇ ಇರದ ಮಗಳು ಅವನನ್ನು ನೋಡಲಿಕ್ಕೆಂದು ಭವಿಷ್ಯದಿಂದ ಬರುತ್ತಾಳೆ," ಎಂದ. ಮಾವ ಕೇಳಿದರು, "ಅವಳಿಗೆ ಬೇಕಾದದ್ದು ಅದು, ಸರಿ. ಅವನಿಗೆ?" ಈ ಸಲ ಹುಡುಗ ತಡವರಿಸಲಿಲ್ಲ. ಶಾಲೆ ತೆರೆಯುವ ಮೊದಲು ಮೂರು ಕಂತಾದರೂ ಎದುರು ಕುಳಿತು ನೋಡಬೇಕು, ಆಮೇಲೆ ವಾದ ಎಂದು ಷರತ್ತು ಹಾಕಿದ್ದಾನೆ.