ಸ್ತೆಫನನ ರಕ್ತ ಯಾರ ಲೆಕ್ಕಕ್ಕೆ?

ಬೇಸಿಗೆಯ ಒಂದು ಭಾನುವಾರ ಸಂಜೆ. ಬಳ್ಳಾರಿಯ ಕೌಲ್ ಬಜಾರಿನ ಮನೆಯೊಂದರಲ್ಲಿ ನಾವು ಕೆಲವರು ಸತ್ಯವೇದದ (ಬೈಬಲಿನ) ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 20ನೇ ಅಧ್ಯಾಯ ಓದುತ್ತಿದ್ದೆವು. ಮೊದಲು ಕ್ರೈಸ್ತರನ್ನು ಹಿಂಸಿಸಿ ಆಮೇಲೆ ಕ್ರಿಸ್ತನ ಅಪೊಸ್ತಲನಾದ ಪೌಲನು ಎಫೆಸ ಪಟ್ಟಣದ ಕ್ರೈಸ್ತ ಸಭೆಯ ಹಿರಿಯರನ್ನು ಮಿಲೇತಕ್ಕೆ ಕರೆಸಿಕೊಂಡು ಬೀಳ್ಕೊಡುವ ಭಾಗ ಅದು. ಯಾರ ರಕ್ತದ ಹೊಣೆಯೂ ತನ್ನ ಮೇಲಿಲ್ಲ, ತಾನು ನಿರ್ದೋಷಿ ಎಂದು ಅವನು ಅಲ್ಲಿ ಹೇಳುತ್ತಾನೆ. ಆ ವಚನ ಮುಗಿಯುತ್ತಲೇ ಮೂಲೆಯಲ್ಲಿದ್ದ ಹಿರಿಯರೊಬ್ಬರು ತಡೆದರು.

"ಅಯ್ಯನವರೇ, ಸ್ತೆಫನನನ್ನು ಕಲ್ಲೆಸೆದು ಕೊಲ್ಲುವಾಗ ಕೊಂದವರ ಬಟ್ಟೆ ಕಾಯುತ್ತಿದ್ದವನು ಇವನೇ ಅಲ್ಲವೇ? ಈ ಮಾತು ಅವನ ಬಾಯಲ್ಲಿ ಹೇಗೆ ಬಂತು?"

ಸ್ತೆಫನನೆಂದರೆ ಕ್ರಿಸ್ತನನ್ನು ಸಾರಿದ್ದಕ್ಕೆ ಪ್ರಾಣ ಕೊಟ್ಟ ಮೊದಲ ಕ್ರೈಸ್ತ. ಕ್ರಿಸ್ತನಲ್ಲಿರುವವನು ನೂತನ ಸೃಷ್ಟಿ, ಹಳೆಯದೆಲ್ಲ ಕಳೆದುಹೋಯಿತು ಎಂದರು ಸಭಾಪಾಲಕರು. ಅದು ಸತ್ಯವೇ. ಆದರೆ ಹಿರಿಯರಿಗೆ ಸಮಾಧಾನವಾಗಲಿಲ್ಲ. ಆಗ ಅವರು ತಮ್ಮ ಕಥೆ ಹೇಳಿದರು. ಅವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಹೆಸರೂ ಊರೂ ಬೇಡ. ಪ್ರಾಯದಲ್ಲಿ ಜಮೀನಿನ ಜಗಳವೊಂದರಲ್ಲಿ ಒಬ್ಬನ ಕೊಲೆಯಾಯಿತು. ಇವರು ಹೊಡೆಯಲಿಲ್ಲ, ಯಾರಾದರೂ ಬರುತ್ತಾರೆಯೇ ಎಂದು ಓಣಿಯ ಬಾಯಲ್ಲಿ ನಿಂತು ನೋಡುತ್ತಿದ್ದರು. ಸಾಕ್ಷಿ ಸಾಲದೆ ನ್ಯಾಯಾಲಯ ಬಿಡುಗಡೆ ಮಾಡಿತು. "ಕೋರ್ಟು ನನ್ನನ್ನು ನಿರ್ದೋಷಿ ಎಂದಿತು. ಸತ್ತವನ ಹೆಂಡತಿ ಇನ್ನೂ ಅದೇ ಊರಿನಲ್ಲಿದ್ದಾಳೆ."

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ಸತ್ಯವೇದವನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದದ್ದು ನಮ್ಮ ಬಳ್ಳಾರಿಯಲ್ಲೇ. ಅಂಥ ಊರಿನಲ್ಲಿ ಒಂದು ವಚನವನ್ನು ಹರಿದುಕೊಂಡು ಓದಿ ಬಿಡುವುದು ನನಗೆ ಸಹಿಸದು. ಮುಂದಕ್ಕೆ ಓದೋಣ ಎಂದೆ.

ಮುಂದಿನ ವಚನದಲ್ಲೇ ಪೌಲನು ಕಾರಣ ಕೊಡುತ್ತಾನೆ: ದೇವರ ಸಂಕಲ್ಪವನ್ನು ಏನೊಂದೂ ಮುಚ್ಚಿಡದೆ ನಿಮಗೆ ತಿಳಿಸಿದ್ದೇನೆ. ಇದರ ಹಿಂದೆ ಪ್ರವಾದಿ ಯೆಹೆಜ್ಕೇಲನ ಪುಸ್ತಕದ 33ನೇ ಅಧ್ಯಾಯವಿದೆ. ಕತ್ತಿ ಬರುವುದನ್ನು ಕಂಡೂ ಕೊಂಬು ಊದದ ಕಾವಲುಗಾರನಿಂದ ಸತ್ತವರ ರಕ್ತದ ಲೆಕ್ಕ ಕೇಳಲಾಗುತ್ತದೆ, ಊದಿದವನು ಪಾರಾಗುತ್ತಾನೆ. ಮೂರು ವರ್ಷ ಹಗಲಿರುಳು ಕಣ್ಣೀರಿಟ್ಟು ಎಚ್ಚರಿಸಿದ್ದೇನೆ ಎಂದು ಪೌಲನು ಹೇಳುತ್ತಿರುವುದು ಎಫೆಸದವರಿಗೆ. ಅದು ಎಫೆಸದ ಲೆಕ್ಕ. ಸ್ತೆಫನನ ಲೆಕ್ಕ ಅದರಲ್ಲಿ ಸೇರಿಲ್ಲ.

ಆ ಲೆಕ್ಕವನ್ನು ಅವನು ಅಡಗಿಸಿಯೂ ಇಡಲಿಲ್ಲ. ಮಿಲೇತದಿಂದ ಯೆರೂಸಲೇಮಿಗೆ ಹೋದ ಮೇಲೆ, ತನ್ನನ್ನು ಕೊಲ್ಲಲು ನುಗ್ಗಿದ್ದ ಜನರೆದುರು ಮೆಟ್ಟಿಲ ಮೇಲೆ ನಿಂತು, ಸ್ತೆಫನನ ರಕ್ತ ಚೆಲ್ಲಿದಾಗ ನಾನು ಹತ್ತಿರದಲ್ಲೇ ಇದ್ದೆ, ಸಮ್ಮತಿಸಿದ್ದೆ, ಬಟ್ಟೆ ಕಾದಿದ್ದೆ ಎಂದ. ಅಪೊಸ್ತಲರ ಕೃತ್ಯಗಳ 22ನೇ ಅಧ್ಯಾಯದ 20ನೇ ವಚನ. ನಿರ್ದೋಷಿ ಎಂದ ಬಾಯೇ ಇದನ್ನೂ ಹೇಳಿತು. ಹಾಗೆ ಹೇಳಿದ್ದರಿಂದಲೇ ಮಿಲೇತದ ಮಾತನ್ನು ನಾನು ನಂಬುತ್ತೇನೆ.

ಆ ಹಿರಿಯರನ್ನು ಹೆಚ್ಚು ಕಲಕಿದ್ದು ಫಿಲಿಪ್ಪಿಯವರಿಗೆ ಬರೆದ ಪತ್ರ. ಸಭೆಯನ್ನು ಹಿಂಸಿಸಿದೆ, ಧರ್ಮಶಾಸ್ತ್ರದ ಪ್ರಕಾರ ನಿರ್ದೋಷಿಯಾಗಿದ್ದೆ: 3ನೇ ಅಧ್ಯಾಯದ 6ನೇ ವಚನವೊಂದರಲ್ಲೇ ಎರಡೂ ಇವೆ. ಅವರು ಅದನ್ನು ಮತ್ತೆ ಮತ್ತೆ ಓದಿಸಿಕೊಂಡರು. "ಇದು ನನ್ನ ಕೋರ್ಟಿನ ತೀರ್ಪು" ಎಂದರು. ಆ ನಿರ್ದೋಷಿತ್ವವನ್ನು ಪೌಲನು ಕಸವೆಂದು ಎಣಿಸಿ ಬಿಟ್ಟದ್ದು 8ನೇ ವಚನದಲ್ಲಿದೆ.

ದಾವೀದನ ಮಾತೂ ಬಂತು. ನನ್ನ ಕೈ ಶುದ್ಧ ಎಂದು 18ನೇ ಕೀರ್ತನೆಯಲ್ಲಿ ಅವನು ಹಾಡಿದರೂ, ಅರಸುಗಳ ಮೊದಲ ಪುಸ್ತಕ ಅವನನ್ನು ಹೊಗಳುವಾಗ ಹಿತ್ತಿಯನಾದ ಊರೀಯನ ಸಂಗತಿ ಹೊರತು ಎಂದು ಸೇರಿಸುವುದನ್ನು ಮರೆಯಲಿಲ್ಲ. ಅರಸ ದಾವೀದನು ಊರೀಯನ ಹೆಂಡತಿಯನ್ನು ಕೂಡಿ, ಅವನನ್ನು ಯುದ್ಧದಲ್ಲಿ ಕೊಲ್ಲಿಸಿದ್ದ. ಕ್ಷಮೆ ಸಿಕ್ಕ ಮೇಲೂ ಸತ್ತವನ ಹೆಸರು ಅಲ್ಲಿ ಅಳಿಯಲಿಲ್ಲ. ಕ್ಷಮೆಯ ಹೆಸರಿನಲ್ಲಿ ನೊಂದವರ ಬಾಯಿ ಮುಚ್ಚಿಸುವವರನ್ನು ಕಂಡಾಗಲೆಲ್ಲ ನನಗೆ ಈ ವಚನ ನೆನಪಾಗುತ್ತದೆ.

"ಪೌಲ ಸ್ತೆಫನನ ಮನೆಯವರನ್ನು ಕಂಡು ಮಾತಾಡಿದನೇ?" ಎಂದು ಹಿರಿಯರು ಕೇಳಿದರು. ಸತ್ಯವೇದದಲ್ಲಿ ಅದು ಬರೆದಿಲ್ಲ. ನಾಳೆಯೇ ಊರಿಗೆ ಹೋಗುತ್ತೇನೆ ಎಂದು ಅವರು ಎದ್ದರು. ಅಯ್ಯನವರು ಬೇಡವೆಂದರು, ಹಳೆಯ ಗಾಯ ಕೆದಕಿದಂತಾಗುತ್ತದೆ ಎಂದು. ನಾನು ಬೇರೆ ಹೇಳಿದೆ: "ಅಣ್ಣ, ಹೋಗಿ. ಆದರೆ ನಿಮ್ಮನ್ನು ನೋಡುವ ಮನಸ್ಸು ಆ ತಾಯಿಗೆ ಇದೆಯೇ ಎಂದು ಮೊದಲು ಯಾರ ಮೂಲಕವಾದರೂ ಕೇಳಿಸಿ. ಬೇಡವೆಂದರೆ ಅದು ಅವರ ಹಕ್ಕು." ಆ ಊರಿನ ಸಭೆಯ ಹಿರಿಯ ಹೆಂಗಸೊಬ್ಬರ ಮೂಲಕ ಕೇಳಿಸುವುದೆಂದು ಅಂದೇ ನಿರ್ಧಾರವಾಯಿತು.