ದಾದರ್‌ನ ಒಂದನೇ ಪ್ಲಾಟ್‌ಫಾರ್ಮ್

2024ರ ಮೇ ತಿಂಗಳು. ಮುಂಬೈಗೆ ಬಂದಿದ್ದ ದೊಡ್ಡಪ್ಪ ವಾಪಸ್ ಹುಬ್ಬಳ್ಳಿಗೆ ಹೊರಟಿದ್ದರು, ದಾದರ್‌ನಿಂದ ರಾತ್ರಿ ರೈಲು. ಅವರು ಮಾಟುಂಗದಿಂದ ಸೆಂಟ್ರಲ್ ಲೈನ್‌ನಲ್ಲಿ ಬರಬೇಕು, ನಾನು ಅಂಧೇರಿಯಿಂದ ವೆಸ್ಟರ್ನ್‌ನಲ್ಲಿ. "ಒಂದನೇ ಪ್ಲಾಟ್‌ಫಾರ್ಮ್‌ನಾಗ ಇರ್ತೀನಿ, ಬಾ" ಅಂದರು ಫೋನಿನಲ್ಲಿ.

ಹೋಗಿ ನಿಂತೆ. ಪಶ್ಚಿಮಕ್ಕೆ ಹೂವಿನ ಮಾರ್ಕೆಟ್, ಜನ ಚೆಂಡುಹೂವಿನ ಮೂಟೆ ತಲೆ ಮೇಲೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಅರ್ಧ ಗಂಟೆಯಾದರೂ ದೊಡ್ಡಪ್ಪ ಇಲ್ಲ, ಫೋನೂ ಹೋಗ್ತಿಲ್ಲ. ಎಪ್ಪತ್ತೆರಡರ ವಯಸ್ಸು, ಆ ನೂಕುನುಗ್ಗಲು, ನನಗೆ ಕೈಕಾಲೇ ಆಡಲಿಲ್ಲ.

ಆಮೇಲೆ ಹೊಳೆಯಿತು. ದಾದರ್ ಅಂದ್ರೆ ಒಂದಲ್ಲ, ಅಕ್ಕಪಕ್ಕ ಇರುವ ಎರಡು ಸ್ಟೇಷನ್. 1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಠಾಣೆಗೆ ಮೊದಲ ರೈಲು ಓಡಿಸಿದ ಕಂಪನಿಯ ಹಳಿ ಇವತ್ತಿನ ಸೆಂಟ್ರಲ್, ಇನ್ನೊಂದು ಕಂಪನಿ ಹಾಕಿದ್ದು ವೆಸ್ಟರ್ನ್. ಎರಡೂ ತಮ್ಮ ತಮ್ಮ ಪ್ಲಾಟ್‌ಫಾರ್ಮ್‌ಗಳನ್ನು ಒಂದರಿಂದಲೇ ಎಣಿಸುತ್ತಿದ್ದವು. ಹಾಗಾಗಿ ಎಷ್ಟೋ ವರ್ಷ ಇಲ್ಲಿ ಎರಡು "ಒಂದನೇ ನಂಬರ್" ಇದ್ದವು. ಒಂದೇ ಲೋಕಲ್ ಟಿಕೆಟ್‌ನಲ್ಲಿ ಈ ಲೈನ್‌ನಿಂದ ಆ ಲೈನ್‌ಗೆ ಬದಲಾಯಿಸುವ ಜಾಗ ಇದು, ಹೊಸಬರು ಎಷ್ಟು ಜನ ಒದ್ದಾಡಿದ್ದಾರೋ. 2023ರ ಡಿಸೆಂಬರ್‌ನಲ್ಲಿ ಅದನ್ನು ಸರಿಮಾಡಿದರು: ವೆಸ್ಟರ್ನ್‌ನ 1ರಿಂದ 7 ಹಾಗೇ ಉಳಿದವು, ಸೆಂಟ್ರಲ್‌ನವು 8ರಿಂದ 14 ಆದವು. ತುಂಬಾ ಒಳ್ಳೆಯ ಕೆಲಸ, ಅದು ಇನ್ನೂ ಮೊದಲೇ ಆಗಬೇಕಿತ್ತು ಅನ್ನೋದು ನನ್ನ ಅನಿಸಿಕೆ.

ಆದರೆ ದೊಡ್ಡಪ್ಪ ಮಾಟುಂಗದ ಉಡುಪಿ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿ, ಈ ಬದಲಾವಣೆಗೂ ಮುಂಚೆಯೇ ಊರಿಗೆ ಹೋದವರು. ಅವರ ಒಂದನೇ ನಂಬರ್ ಅಂದ್ರೆ ಸೆಂಟ್ರಲ್‌ನದು, ಈಗಿನ 8.

ಬ್ರಿಡ್ಜ್ ಹತ್ತಿ ಎದುರು ಬರುವ ಜನರ ನಡುವೆ ತೂರಿಕೊಂಡು ಓಡಿದೆ. ಕಂಬದ ಪಕ್ಕ ಕೂತಿದ್ದರು, ಮಡಿಲಲ್ಲಿ ಬಟ್ಟೆಯ ಗಂಟು, ಅದರ ಮೇಲೆ ನನಗೇ ಅಂತ ಕಟ್ಟಿಸಿಕೊಂಡು ಬಂದಿದ್ದ ಇಡ್ಲಿ ಪೊಟ್ಟಣ, ಬಾಳೆಎಲೆ ಇನ್ನೂ ಬೆಚ್ಚಗಿತ್ತು. ತಲೆ ಮೇಲೆಯೇ ದೊಡ್ಡದಾಗಿ 8 ಅಂತ ಬರೆದಿತ್ತು. ಅವರು ನೋಡೇ ಇರಲಿಲ್ಲ. ಆ ಜಾಗಕ್ಕೆ ಬರೋಕೆ ಅವರಿಗೆ ಬೋರ್ಡ್ ಬೇಕಿರಲಿಲ್ಲ.

"ಎಷ್ಟೊತ್ತಾತೋ, ಊಟ ಮಾಡಿದ್ಯಾ?" ಅಂದರು.

ಅಲ್ಲೇ ಪಕ್ಕ ಕೂತು ಇಡ್ಲಿ ಬಿಚ್ಚಿದೆವು. ರೈಲಿಗೆ ಇನ್ನೂ ಟೈಮ್ ಇತ್ತು.